‘ಅಥವಾ’ ಎಂಬ ಶಬ್ದ: ಮೊದಲ ಕನ್ನಡ ಕಾದಂಬರಿಗಳಲ್ಲಿ ಲೇಖಕನ ಸ್ವಾತಂತ್ರ್ಯ ಮತ್ತು ಓದುಗನ ನಿರೀಕ್ಷೆ

ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಸಾಮಾನ್ಯವಾಗಿ ಪರಿಗಣಿತವಾಗಿರುವ ಕೃತಿಗೆ ಅದರ ಕರ್ತೃಗಳಾದ ಗುಲ್ವಾಡಿ ವೆಂಕಟರಾಯರು ಇಟ್ಟ ಹೆಸರು ಒಂದಲ್ಲ, ಎರಡು: ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯ’. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಈ ಗ್ರಂಥದಲ್ಲಿ ನಾವು ಇಲ್ಲಿ ಪರಿಶೀಲಿಸಬಯಸುವುದು ನಡುವಿನ ‘ಅಥವಾ’ ಎಂಬ ಒಂದು ಶಬ್ದವನ್ನು.

ಅಂದಿನ ಓದುಗನು ಜೈಮಿನಿ ಭಾರತವನ್ನೂ ಹರಿಕಥೆ ಯಕ್ಷಗಾನಗಳನ್ನೂ ಕೇಳಿ ಬೆಳೆದವನು. ಕಥೆಯ ಕೊನೆ ಅವನಿಗೆ ಮೊದಲೇ ಗೊತ್ತು; ಧರ್ಮಕ್ಕೆ ಜಯವಾಗುವ ಬಗೆಯನ್ನು ಕಾಣುವುದರಲ್ಲಿಯೇ ಅವನ ಸಂತೋಷ. ‘ವಿಜಯ’ವೆಂಬ ಮಾತು ಪಂಪನ ‘ವಿಕ್ರಮಾರ್ಜುನ ವಿಜಯ’ದ ಕಾಲದಿಂದ ನಮ್ಮ ಸಾಹಿತ್ಯದಲ್ಲಿ ಬಳಕೆಯಾದುದು. ಒಬ್ಬ ಸಾಮಾನ್ಯ ಹೆಂಗಸಿನ ಹೆಸರಾದರೋ ಅಂತಹ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಬಿ. ವೆಂಕಟಾಚಾರ್ಯರಿಗೆ ಈ ತೊಡಕು ಇಷ್ಟಾಗಿ ಇರಲಿಲ್ಲ. ಬಂಕಿಮಚಂದ್ರರ ಕಾದಂಬರಿಗಳನ್ನು ಅವರು ಕನ್ನಡಕ್ಕೆ ತಂದರು. ಕಥೆಯ ಹೊಣೆ ಬಂಗಾಳದ್ದು. ಕನ್ನಡಿಗರಿಗೆ ಕಾದಂಬರಿ ಓದುವ ರುಚಿಯನ್ನು ಹತ್ತಿಸಿದವರು ಅವರೇ ಎಂಬ ಮಾತು ಉತ್ಪ್ರೇಕ್ಷೆಯಲ್ಲ.

ವೆಂಕಟರಾಯರು ಹೇಳಹೊರಟುದು ಮಾತ್ರ ಮನೆಯಂಗಳದ ಸಂಗತಿ. ಎಳೆಯ ವಿಧವೆಯಾದ ಇಂದಿರೆ ಕಪಟ ಸಂತರ ಬಲೆಗೆ ಬೀಳಲೊಪ್ಪದೆ ತಾಯ್ತಂದೆಯರ ಮನೆಯನ್ನು ತೊರೆದು, ವಿದ್ಯೆ ಕಲಿತು, ವಿಲಾಯಿತಿಗೆ ಹೋಗಿಬಂದ ಭಾಸ್ಕರನನ್ನು ಮದುವೆಯಾಗುತ್ತಾಳೆ. ವಿಧವಾವಿವಾಹಕ್ಕೆ 1856ರಲ್ಲಿಯೇ ಕಾಯಿದೆಯ ಸಮ್ಮತಿ ದೊರೆತಿತ್ತು, ನಿಜ. ಆದರೆ ಕಾಯಿದೆ ಒಪ್ಪಿದುದನ್ನು ಕೇರಿ ಒಪ್ಪಬೇಕಲ್ಲ! ಇದನ್ನು ಅಧರ್ಮವೆಂದು ಮುಖ ತಿರುಗಿಸಬಹುದಾದ ಓದುಗನಿಗೆ ಗ್ರಂಥಕರ್ತರು ಮುಖಪುಟದಲ್ಲಿಯೇ ಉತ್ತರ ಕೊಟ್ಟಿದ್ದಾರೆ: ಇದೇ ಸದ್ಧರ್ಮ, ಇದರದೇ ವಿಜಯ. ಹಳೆಯ ಪಾತ್ರೆಯನ್ನು ಅವರು ಒಡೆಯಲಿಲ್ಲ. ಅದರೊಳಗಿನ ಪದಾರ್ಥವನ್ನು ಬದಲಿಸಿದರು.

ಇದಕ್ಕೆ ತೆತ್ತ ಬೆಲೆಯೂ ಅಲ್ಪವಲ್ಲ. ಒಳ್ಳೆಯವರು ತೀರ ಒಳ್ಳೆಯವರು, ಕೆಟ್ಟವರು ತೀರ ಕೆಟ್ಟವರು. ಭಾಸ್ಕರನು ಮನುಷ್ಯನಾಗಿ ಕಾಣುವುದಕ್ಕಿಂತ ಹೆಚ್ಚಾಗಿ ನಿದರ್ಶನವಾಗಿ ಕಾಣುತ್ತಾನೆ. ಸಂತಮಂಡಳಿಯ ವಿಡಂಬನೆಯಲ್ಲಿ ಮಾತ್ರ ಲೇಖಣಿ ತಾನಾಗಿ ಓಡುತ್ತದೆ. ಈ ದೋಷಗಳನ್ನು ಅಸಾಮರ್ಥ್ಯವೆಂದಷ್ಟೇ ಎಣಿಸುವ ವಿಮರ್ಶೆ ನಮಗೆ ಸಮ್ಮತವಲ್ಲ. ಓದುಗನೊಡನೆ ಮಾಡಿಕೊಂಡ ಕರಾರಿನ ಷರತ್ತುಗಳು ಅವು. ಆ ಕರಾರಿಲ್ಲದಿದ್ದರೆ ವಿಡಂಬನೆಗೆ ಕಿವಿಗೊಡುವವರು ಎಷ್ಟು ಮಂದಿ ಸಿಕ್ಕುತ್ತಿದ್ದರು?

ಮೈಸೂರು ಸೀಮೆಯಲ್ಲಿ ಅಮಲ್ದಾರರಾಗಿದ್ದ ಎಂ. ಎಸ್. ಪುಟ್ಟಣ್ಣನವರು 1915ರಲ್ಲಿ ಇನ್ನೊಂದು ಉಪಾಯ ಹೂಡಿದರು. ಗಾದೆಯನ್ನೇ ಹೆಸರಾಗಿಸಿ ‘ಮಾಡಿದ್ದುಣ್ಣೋ ಮಹಾರಾಯ’ ಎಂದರು. ಕರ್ಮಫಲದ ಭರವಸೆ ಹೆಸರಿನಲ್ಲಿಯೇ ಮುಗಿದುಹೋದುದರಿಂದ ಒಳಗೆ ಅವರ ಕೈ ಸಡಿಲವಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನ ಜನಜೀವನ ಅಲ್ಲಿ ವಿಸ್ತಾರವಾಗಿ, ಯಾವ ಅವಸರವೂ ಇಲ್ಲದೆ ಹರಡಿಕೊಳ್ಳುತ್ತದೆ. ನೀತಿಗಾಗಿ ಪುಸ್ತಕ ಹಿಡಿದವನು ಜೀವನಚಿತ್ರವನ್ನು ಓದಿ ಮುಗಿಸುತ್ತಾನೆ. ಕಲೆಯ ದೃಷ್ಟಿಯಿಂದ ಪುಟ್ಟಣ್ಣನವರ ಮಾರ್ಗವೇ ಮೇಲೆಂದು ನಮ್ಮ ಅಭಿಪ್ರಾಯ. ಧೈರ್ಯದ ಮಾತಿಗೆ ಬಂದರೆ ಗುಲ್ವಾಡಿಯವರದು.

1933ರಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ ಹೊರಬಂದಾಗ ಹೆಸರಿನಲ್ಲಿ ‘ಅಥವಾ’ ಇಲ್ಲ, ಗಾದೆಯಿಲ್ಲ, ವಿಜಯವಿಲ್ಲ. ಒಬ್ಬ ಜೀತದಾಳು, ಅವನ ಒಂದು ವಾದ್ಯ. ಬೇಸಾಯಕ್ಕೆ ತುಂಡು ನೆಲ ಬೇಕೆಂಬ ಅವನ ಆಸೆ ಕಡೆಗೂ ಈಡೇರುವುದಿಲ್ಲ, ಆ ಅನ್ಯಾಯಕ್ಕೆ ಗ್ರಂಥದೊಳಗೆ ಯಾರಿಗೂ ದಂಡನೆಯಾಗುವುದಿಲ್ಲ. ‘ಇಂದಿರಾಬಾಯಿ’ ಪ್ರಕಟವಾಗಿ ಆಗ 34 ವರ್ಷಗಳಾಗಿದ್ದವು.