ಜನಿವಾರ ನೋಡಿದ ಅಜ್ಜಿ

ಮಾಸ್ತಿಯವರ ‘ರಂಗಪ್ಪನ ಮದುವೆ’ ಕಥೆಯಲ್ಲಿ ಹೊಸಹಳ್ಳಿಯ ಶಾನುಭೋಗರ ಮಗ ಬೆಂಗಳೂರಿನಲ್ಲಿ ಇಂಗ್ಲಿಷ್ ಓದಿ ಊರಿಗೆ ಬರುತ್ತಾನೆ. ಅವನನ್ನು ನೋಡಲು ಊರೇ ನೆರೆಯುತ್ತದೆ. ಮುದುಕಿಯೊಬ್ಬಳು ಹತ್ತಿರ ಹೋಗಿ ಎದೆಯ ಮೇಲೆ ಕೈಯಾಡಿಸುತ್ತಾಳೆ. ಜನಿವಾರ ಇದ್ದಲ್ಲೇ ಇದೆ! ಹುಡುಗ ಕೆಟ್ಟಿಲ್ಲವೆಂದು ಅಜ್ಜಿಗೆ ಸಮಾಧಾನ.

ಮಾಸ್ತಿ ನಗಿಸುತ್ತಾರೆ ನಿಜ, ಆದರೆ ಅಜ್ಜಿಯ ಅನುಮಾನ ಬುಡವಿಲ್ಲದ್ದಲ್ಲ. ಇಂಗ್ಲಿಷ್ ಕಲಿಸಿ ಭಾರತೀಯರಲ್ಲಿ ಒಂದು ವರ್ಗದವರ ಅಭಿರುಚಿ, ವಿಚಾರಗಳನ್ನೇ ಇಂಗ್ಲಿಷರಂತೆ ಮಾಡಬೇಕೆಂದು ಬ್ರಿಟಿಷ್ ಅಧಿಕಾರಿ ಮೆಕಾಲೆ 1835ರ ತನ್ನ ಟಿಪ್ಪಣಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದ. ಮೈಸೂರಿನಲ್ಲಂತೂ ಅದಕ್ಕೆ ಎರಡು ವರ್ಷ ಮೊದಲೇ ಮುಮ್ಮಡಿ ಕೃಷ್ಣರಾಜ ಒಡೆಯರ ಇಂಗ್ಲಿಷ್ ಶಾಲೆ ಶುರುವಾಗಿತ್ತು. ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆದದ್ದು ಅದೇ.

ಹೀಗೆ ಓದಿ ಬಂದವರ ಮಾತು ಹೇಗಿತ್ತು ಎಂಬುದಕ್ಕೆ ಟಿ.ಪಿ. ಕೈಲಾಸಂ ನಾಟಕಗಳೇ ಸಾಕ್ಷಿ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಕೈಲಾಸಂ, ಬೆಂಗಳೂರಿನ ಮಧ್ಯಮವರ್ಗದ ಮನೆಗಳ ಅರೆ ಕನ್ನಡ, ಅರೆ ಇಂಗ್ಲಿಷ್ ಮಾತನ್ನು ರಂಗದ ಮೇಲೆ ತಂದರು. ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಗಾಗಿ ಉರುಹೊಡೆಯುವ ಮಗನನ್ನು ಗೇಲಿ ಮಾಡಿದರು. ಆದರೆ ಏಕಲವ್ಯ, ಕರ್ಣರ ಕಥೆ ಹೇಳಹೊರಟಾಗ ಸ್ವತಃ ಅವರೇ ಇಂಗ್ಲಿಷಿನಲ್ಲಿ ಬರೆದರು.

ಮೈಸೂರಿನ ವಿದ್ಯಾರ್ಥಿ ಪುಟ್ಟಪ್ಪನಿಗೂ ಕಾವ್ಯವೆಂದರೆ ಇಂಗ್ಲಿಷೇ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಟ್ಟ ಸಂಕಲನವೂ ಅಚ್ಚಾಯಿತು. ಎರಡು ವರ್ಷದ ಬಳಿಕ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಯುವಕವಿ ತನ್ನ ಪದ್ಯಗಳನ್ನು ಹಿಡಿದುಕೊಂಡು ಹೋದ. ಮೈಮೇಲೆ ಖಾದಿ, ಕೈಯಲ್ಲಿ ಇಂಗ್ಲಿಷ್ ಕವಿತೆ! ಕಸಿನ್ಸ್ ಕಣ್ಣಿಗೆ ಬಿದ್ದದ್ದೂ ಆ ವಿಪರ್ಯಾಸವೇ. ನಿನ್ನ ಭಾಷೆಯಲ್ಲಿ ಏಕೆ ಬರೆಯಬಾರದು ಎಂದು ಕೇಳಿದರು. ಹೊಸ ಭಾವಕ್ಕೆ ಒಗ್ಗುವ ಛಂದಸ್ಸು ಕನ್ನಡದಲ್ಲಿಲ್ಲ ಎಂದು ಹುಡುಗ ವಾದಿಸಿದ. ಇಲ್ಲದಿದ್ದರೆ ನೀನೇ ಹುಟ್ಟಿಸು ಎಂಬರ್ಥದ ಉತ್ತರ ಬಂತು. ಹುಡುಗನಿಗೆ ನಿರಾಶೆಯಾಯಿತು, ಆದರೂ ಆಮೇಲೆ ಕನ್ನಡಕ್ಕೇ ತಿರುಗಿದ.

ಹಾಗೆ ಹೇಳಿದ ಕಸಿನ್ಸ್ ಬರೆಯುತ್ತಿದ್ದದ್ದು ಮಾತ್ರ ಇಂಗ್ಲಿಷಿನಲ್ಲಿ. ಅವರ ಐರ್ಲೆಂಡಿನ ಬಹುಪಾಲು ಜನರ ನಾಲಿಗೆಯಿಂದ ಐರಿಷ್ ಭಾಷೆ ಆಗಲೇ ಮರೆಯಾಗಿತ್ತು.

ಅತ್ತ ಇಂಗ್ಲಿಷ್ ಮೇಷ್ಟ್ರಾಗಿದ್ದ ಬಿ.ಎಂ.ಶ್ರೀ ಛಂದಸ್ಸಿನ ಕೆಲಸಕ್ಕೇ ಕೈಹಾಕಿದ್ದರು. 1911ರಲ್ಲಿ ಧಾರವಾಡದಲ್ಲಿ ಕನ್ನಡ ತಲೆಯೆತ್ತುವ ಬಗೆಯ ಕುರಿತು ಮಾತಾಡಿದ್ದ ಅವರು, 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಕೊಟ್ಟರು. ಪ್ರಾಸದ ಕಟ್ಟು ಸಡಿಲಿತು, ಹೊಸ ಲಯಗಳು ಬಂದವು.

ಇಂಗ್ಲಿಷ್ ಬಿಟ್ಟುಬಂದ ಪುಟ್ಟಪ್ಪ ಕುವೆಂಪು ಆದರು. ‘ಶ್ರೀ ರಾಮಾಯಣ ದರ್ಶನಂ’ ಬರೆಯುವಾಗ ಮಿಲ್ಟನ್ನನ ಪ್ರಾಸರಹಿತ ಛಂದಸ್ಸಿನ ಓಟವನ್ನು ಕನ್ನಡಕ್ಕೆ ಒಗ್ಗಿಸಿಕೊಂಡರು. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಆ ಕಾವ್ಯದ ಆರಂಭದಲ್ಲಿ, ವಾಲ್ಮೀಕಿ, ಪಂಪರಿಗೆ ಸಲ್ಲುವ ನಮಸ್ಕಾರ ಹೋಮರ್, ವರ್ಜಿಲ್, ಡಾಂಟೆ, ಮಿಲ್ಟನ್ನರಿಗೂ ಸಲ್ಲುತ್ತದೆ.