ವಿಶ್ವೇಶ್ವರಯ್ಯ ಮತ್ತು ಗ್ರಾಮಾಡಳಿತ

ಮೋಕ್ಷಗುಂಡಂ ವಿಶ್ವೇಶ್ವರಯ್ಯ (1861–1962): ಸಿವಿಲ್ ಎಂಜಿನಿಯರ್, ಮೈಸೂರು ಸಂಸ್ಥಾನದ ದಿವಾನರು. ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯ ಇವುಗಳಿಂದ ಇವರ ಹೆಸರು ಮನೆಮಾತಾಗಿದೆ. ಹಳ್ಳಿಯ ಆಡಳಿತವನ್ನು ಕುರಿತು ಇವರು ಮಾಡಿದ ಕೆಲಸ ಆ ದೊಡ್ಡ ಕಟ್ಟಡಗಳ ನೆರಳಿನಲ್ಲಿ ಉಳಿದುಹೋಗಿದೆ.

ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜು ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆ ಮುಗಿಸಿ, ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾದರು.

ಹಳ್ಳಿಯವರೊಂದಿಗೆ ಕೂತು ಒಪ್ಪಂದಕ್ಕೆ ಬರುವ ಕೆಲಸ ಇವರಿಗೆ ಎದುರಾದದ್ದು ಪುಣೆ ಸೀಮೆಯ ನೀರಾ ಕಾಲುವೆಯ ದಡದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಕಾಲುವೆಯ ತಲೆಭಾಗದ ಕಬ್ಬಿನ ಬೆಳೆಗಾರರು ನೀರನ್ನೆಲ್ಲ ಹೀರಿಬಿಡುತ್ತಿದ್ದರು, ಕೆಳಗಿನ ಊರುಗಳಿಗೆ ಬೇಸಗೆಯಲ್ಲಿ ಹನಿ ನೀರಿಲ್ಲ. ಮೇಲಿನವರ ಹೊಲಗಳಲ್ಲಿ ಜೌಗು, ಊರಲ್ಲಿ ಮಲೇರಿಯಾ. ಇದಕ್ಕೆ ವಿಶ್ವೇಶ್ವರಯ್ಯನವರು ರೂಪಿಸಿದ್ದು ‘ಬ್ಲಾಕ್ ಪದ್ಧತಿ’. ಅಚ್ಚುಕಟ್ಟನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ಮೂರು ವರ್ಷದ ಸರದಿಯಂತೆ ಒಂದು ಪಾಲಿನಲ್ಲಿ ಕಬ್ಬು, ಉಳಿದ ಪಾಲುಗಳಲ್ಲಿ ಕಡಿಮೆ ನೀರಿನ ಬೆಳೆ. ಹೀಗೆ ಮಾಡಿದರೆ ಅದೇ ನೀರು ಹೆಚ್ಚು ಊರುಗಳಿಗೆ ಮುಟ್ಟುತ್ತದೆ. ರೈತರು ಮೊದಲು ಒಪ್ಪಲಿಲ್ಲ. ತಮ್ಮ ಹೊಲದಲ್ಲಿ ಏನು ಬೆಳೆಯಬೇಕೆಂದು ಸರ್ಕಾರ ಹೇಳುವುದೇನು ಎಂಬುದು ಅವರ ಅನುಮಾನ, ಅದು ತಳ್ಳಿಹಾಕುವಂಥದ್ದೂ ಆಗಿರಲಿಲ್ಲ. ಸಭೆ ಕರೆದು, ಚರ್ಚಿಸಿ, ಒಪ್ಪಿಸಿದ ಮೇಲೆಯೇ ಪದ್ಧತಿ ಜಾರಿಗೆ ಬಂತು. ಮುಂದೆ ಕನ್ನಂಬಾಡಿಯ ನೀರು ಮಂಡ್ಯದ ಬಯಲಿಗೆ ಹರಿದಾಗ ಅಲ್ಲಿಯೂ ಇದನ್ನೇ ಅಳವಡಿಸಲಾಯಿತು.

1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದಾಗ ಇವರ ಮುಂದಿದ್ದದ್ದು ಕಾವೇರಿಯೊಂದೇ ಅಲ್ಲ, ಸಂಸ್ಥಾನದ ತುಂಬ ಹರಡಿದ್ದ ಸಾವಿರಾರು ಕೆರೆಗಳೂ ಇದ್ದವು. ಏರಿಗೆ ಮಣ್ಣು ಹಾಕುವುದು, ಕಾಲುವೆಯ ಹೂಳೆತ್ತುವುದು ಹಿಂದಿನಿಂದ ಊರವರ ಪಾಲಿನ ಕೆಲಸ. ತೂಬು ತೆರೆದು ನೀರು ಹಂಚಲು ನೀರುಗಂಟಿ ಇದ್ದ. ಇಲಾಖೆ ಬೆಳೆದಂತೆಲ್ಲ ಊರಿನ ಜವಾಬ್ದಾರಿ ಸಡಿಲವಾಯಿತು. ಕೋಡಿ ಕಿತ್ತುಹೋದರೆ ಎಂಜಿನಿಯರ್ ಬರಲಿ ಎಂದು ಕಾಯುವುದು ರೂಢಿಯಾಯಿತು. 1911ರ ಕೆರೆ ಪಂಚಾಯಿತಿ ಕಾನೂನು ಈ ಹೊಣೆಯನ್ನು ಊರಿನ ಪಂಚಾಯಿತಿಗೆ ಮರಳಿ ವಹಿಸಲು ಹೊರಟಿತು. ಅದೊಬ್ಬರ ಕೃತಿಯೆಂದು ಹೇಳುವಂತಿಲ್ಲ. ಆದರೆ ಕಾನೂನು ಬಂದ ಹೊತ್ತಿನಲ್ಲಿ ನೀರಾವರಿಯ ಹೊಣೆ ಹೊತ್ತಿದ್ದವರು ವಿಶ್ವೇಶ್ವರಯ್ಯ.

ಅದೇ ವರ್ಷ ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಆರಂಭವಾಯಿತು. ಕೃಷಿ, ಶಿಕ್ಷಣ, ಕೈಗಾರಿಕೆ ಎಂದು ಮೂರು ಸಮಿತಿಗಳು. ಅವಕ್ಕೆ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲೂ ಶಾಖೆಗಳು. ಸರ್ಕಾರಿ ಅಧಿಕಾರಿಗಳಲ್ಲದವರೂ ಇವುಗಳಲ್ಲಿ ಸದಸ್ಯರಾಗಿದ್ದರು. 1912ರ ನವೆಂಬರಿನಲ್ಲಿ ದಿವಾನರಾದ ಮೇಲೆ ಇವರು ಈ ಜಾಲವನ್ನು ಹಳ್ಳಿಯವರೆಗೆ ಇಳಿಸಿದರು. ಅದರ ಫಲವೇ 1914ರ ಗ್ರಾಮಸುಧಾರಣಾ ಯೋಜನೆ. ಊರಿಗೊಂದು ಸಮಿತಿ, ವಾರಕ್ಕೆ ಅರ್ಧ ದಿನ ಊರವರ ಶ್ರಮದಾನ. ಬಾವಿ ತೋಡುವುದು, ಬೀದಿ ಗುಡಿಸುವುದು, ಚರಂಡಿ ತೆಗೆಯುವುದು, ತಿಪ್ಪೆಯನ್ನು ಊರಾಚೆಗೆ ಸಾಗಿಸುವುದು, ಗಾಡಿದಾರಿ ಸರಿಮಾಡುವುದು, ಶಾಲೆ ಕಟ್ಟುವುದು ಅದರ ಕೆಲಸ. ಜ್ವರದಿಂದ ಜನಸಂಖ್ಯೆ ಕುಸಿಯುತ್ತಿದ್ದ ಮಲೆನಾಡಿಗೆಂದೇ ಪ್ರತ್ಯೇಕ ಯೋಜನೆಯೂ ಆಗ ಬಂತು.

ಈ ಸಮಿತಿಗಳಲ್ಲಿ ಎಂಜಿನಿಯರನ ಕೈಗುರುತು ಸ್ಪಷ್ಟ. ಇವರಿಗೆ ಹಳ್ಳಿ ಒಂದು ಉತ್ಪಾದನಾ ಘಟಕ. ಎಷ್ಟು ಆದಾಯ, ಎಷ್ಟು ಓದುಬರಹ, ಎಷ್ಟು ಸಾವು ಎಂದು ಅಳೆದು, ಮುಂದಿನ ವರ್ಷಕ್ಕೆ ಗುರಿ ಇಟ್ಟು, ವರದಿ ಬರೆಸುವುದು ಇವರ ವಿಧಾನ. ಅದೇ ಯೋಜನೆಯ ಬಲ, ಅದೇ ಅದರ ದೌರ್ಬಲ್ಯ ಕೂಡ. ಅಮಲ್ದಾರರ ಸವಾರಿ ಬಂದಾಗ ಬೀದಿ ಗುಡಿಸಿಡುವುದಕ್ಕೂ ಊರು ತನಗೆ ಬೇಕೆಂದು ಗುಡಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಅಂಕಿಅಂಶಕ್ಕೆ ಸಿಗುವುದಿಲ್ಲ. ಪಟೇಲ, ಶಾನುಭೋಗರ ಮಾತು ನಡೆಯುತ್ತಿದ್ದ ಊರಿನಲ್ಲಿ ಸಮಿತಿಯ ಜಗಲಿಯ ಮೇಲೆ ಯಾರು ಕೂರುತ್ತಾರೆ, ವಾರದ ಅರ್ಧ ದಿನ ಯಾರು ಗುದ್ದಲಿ ಹಿಡಿಯುತ್ತಾರೆ ಎಂಬ ಪ್ರಶ್ನೆಯನ್ನು ಯೋಜನೆ ಎತ್ತಲಿಲ್ಲ. ಊರಂಚಿನ ಕೇರಿಗೆ ಆ ಪ್ರಶ್ನೆಯೇ ಮುಖ್ಯವಾದದ್ದು.

ಸ್ಥಳೀಯ ಸ್ವಯಮಾಡಳಿತಕ್ಕೆ ಗಟ್ಟಿಯಾದ ಕಾನೂನಿನ ನೆಲೆ ಸಿಕ್ಕಿದ್ದು 1918ರ ಮೈಸೂರು ಲೋಕಲ್ ಬೋರ್ಡುಗಳ ಮತ್ತು ಗ್ರಾಮ ಪಂಚಾಯಿತಿಗಳ ಕಾನೂನಿನಿಂದ. ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಗ್ರಾಮ ಪಂಚಾಯಿತಿ ಎಂಬ ಮೂರು ಹಂತಗಳು ಅದರಲ್ಲಿದ್ದವು. ಅದು ಬೇರೂರುವುದನ್ನು ನೋಡಲು ವಿಶ್ವೇಶ್ವರಯ್ಯನವರು ಅಧಿಕಾರದಲ್ಲಿ ಉಳಿಯಲಿಲ್ಲ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ವರ್ಗಗಳಿಗೆ ಪ್ರಾತಿನಿಧ್ಯ ಕೊಡುವ ವಿಚಾರದಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರೊಂದಿಗೆ ಭಿನ್ನಾಭಿಪ್ರಾಯ ಬಂದು, ಅದೇ ವರ್ಷದ ಡಿಸೆಂಬರಿನಲ್ಲಿ ದಿವಾನಗಿರಿ ಬಿಟ್ಟರು. ನೇಮಕಕ್ಕೆ ಅರ್ಹತೆಯೊಂದೇ ಅಳತೆಗೋಲು ಎಂದವರು ಇವರು. ಆ ಅಳತೆಗೋಲು ಯಾರ ಕೈಯಲ್ಲಿತ್ತು ಎಂಬುದು ಈ ಪ್ರಾತಿನಿಧ್ಯದ ವಿಚಾರವನ್ನು ಪರಿಶೀಲಿಸಲು ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿಯ ಮುಂದಿದ್ದ ಪ್ರಶ್ನೆ. ಗ್ರಾಮಸಮಿತಿಗಳಲ್ಲಿ ಕಂಡ ಕುರುಡುಚುಕ್ಕೆಯೇ ಇಲ್ಲಿಯೂ ಕಾಣುತ್ತದೆ. 1926ರಲ್ಲಿ ಹೊಸ ಕಾನೂನು ಬಂದು ತಾಲ್ಲೂಕು ಬೋರ್ಡುಗಳು ರದ್ದಾದವು, ಪಂಚಾಯಿತಿಗಳ ವಿಸ್ತರಣೆಗೆ ಹೆಚ್ಚು ಒತ್ತು ಸಿಕ್ಕಿತು.

ಬಿಡುವಿನ ವರ್ಷಗಳಲ್ಲಿಯೂ ಹಳ್ಳಿಯ ಯೋಚನೆ ಇವರನ್ನು ಬಿಡಲಿಲ್ಲ. 1934ರ ‘ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ’ ಪುಸ್ತಕದಿಂದ ರಾಷ್ಟ್ರಮಟ್ಟದಲ್ಲಿ ಯೋಜನೆಯ ವಾದಕ್ಕೆ ಹೆಸರಾದರು. ಆದರೆ ಎಂಬತ್ತು ದಾಟಿದ ಮೇಲೆ ಇವರು ಪಟ್ಟುಹಿಡಿದು ನಡೆಸಿದ ಪ್ರಯೋಗ ಗ್ರಾಮ ಕೈಗಾರಿಕೀಕರಣ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬೆಂಗಳೂರು, ಕೋಲಾರ ಜಿಲ್ಲೆಗಳಲ್ಲಿ ಅದು ಶುರುವಾಯಿತು. ಅಕ್ಕಪಕ್ಕದ ಹಳ್ಳಿಗಳನ್ನು ಗುಂಪು ಮಾಡಿ, ಗುಂಪಿಗೊಂದು ಸಮಿತಿ ರಚಿಸಿ, ಬೆಳೆ ಮತ್ತು ಕಸುಬುಗಳ ಉತ್ಪನ್ನವನ್ನು ವರ್ಷವರ್ಷವೂ ಹೆಚ್ಚಿಸುವುದು ಅದರ ಕ್ರಮ. 1914ರ ಸಮಿತಿಯೇ ಮತ್ತೆ ಬಂದಂತಿತ್ತು. ಈ ಬಾರಿ ಬಾವಿ, ಚರಂಡಿಗಿಂತ ದುಡಿಮೆ ಮುಂದಿತ್ತು. ಗಾಂಧೀಜಿಯ ಚರಕ ಮತ್ತು ವಿಶ್ವೇಶ್ವರಯ್ಯನವರ ಯಂತ್ರ ಎರಡೂ ಹಳ್ಳಿಯ ಬಡತನವನ್ನೇ ಕುರಿತವು. ಆದರೆ ಹಳ್ಳಿ ಹಳ್ಳಿಯಾಗಿಯೇ ಉಳಿಯಬೇಕೆಂಬ ಆಸೆ ಇವರಿಗಿರಲಿಲ್ಲ.

ಹಳ್ಳಿಗಳ ಏಳಿಗೆಗೆಂದು ಕೇಂದ್ರ ಸರ್ಕಾರದ ಸಮುದಾಯ ಅಭಿವೃದ್ಧಿ ಯೋಜನೆಯೂ 1952ರ ಅಕ್ಟೋಬರ್ 2ರಂದು ಆರಂಭವಾಯಿತು. 1955ರಲ್ಲಿ ಇವರಿಗೆ ಭಾರತರತ್ನ ಬಂತು. ಏಕೀಕರಣದ ನಂತರ ಮೈಸೂರು ರಾಜ್ಯ 1959ರಲ್ಲಿ ಗ್ರಾಮ ಪಂಚಾಯಿತಿ ಮತ್ತು ಲೋಕಲ್ ಬೋರ್ಡುಗಳ ಹೊಸ ಕಾನೂನು ಮಾಡಿದಾಗ, 1926ರಲ್ಲಿ ರದ್ದಾಗಿದ್ದ ತಾಲ್ಲೂಕು ಬೋರ್ಡು ಮತ್ತೆ ಬಂತು. 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಇವರ ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲಿ ನಡೆಯಿತು.