ಸೋರುವ ಪಂಪು, ಕೊಡ ನೀರು, 1888ರ ಒಬ್ಬಾಕಿ ತಾಯಿ

1/3
ಫೋಟೋದಾಗ ಕಾಣೋ ಈ ತುಕ್ಕು ಹಿಡಿದ ಚೂರು ನಮ್ಮ ಗಾಡಿಯ ವಾಟರ್ ಪಂಪ್. ಹೋದ ಏಪ್ರಿಲ್‌ನಾಗ ಕುಷ್ಟಗಿಯಿಂದ ಗಂಗಾವತಿಗೆ ಮದುವಿ ಬಾಡಿಗಿ ಹೊಂಟಿದ್ವಿ. ತಾವರಗೇರಾ ದಾಟಿದ ಮ್ಯಾಲೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋತು. ಅಪ್ಪ ಗಾಡಿ ಸೈಡಿಗೆ ಹಾಕಿ ಬಂದ್ ಮಾಡಿದ್ರು. ಮದುವಿ ಮಂದಿ ಜಾಲಿ ಗಿಡದ ನೆಳ್ಳಾಗ ನಿಂತು ಗಡಿಯಾರ ನೋಡಾಕತ್ತಿದ್ರು. ನಾನು ಹೊಲದ ಬೋರಿನಿಂದ ಒಂದು ಕೊಡ ನೀರು ತಂದೆ. ಹಾಕಿದ್ದು ಹಾಕಿದಂಗ ಕೆಳಗ ಹನಿ ಹನಿ ಬಿತ್ತು. ಕೊನೀಗೆ ಬ್ಯಾರೆ ಗಾಡಿ ಕರಿಸಿ ಅವರನ್ನ ಕಳಿಸಿದ್ವಿ. ಅಡ್ವಾನ್ಸ್ ವಾಪಸ್.

ರಿಪೇರಿ ಖರ್ಚು ಲೆಡ್ಜರ್‌ನಾಗ ಎಲ್ಲಿ ಬರೀಬೇಕು ಅಂತ ನಮಗ ಕಲಿಸ್ಯಾರ. ತಪ್ಪಿದ ಬಾಡಿಗಿ ಎಲ್ಲಿ ಬರೀಬೇಕು ಅಂತ ಯಾರೂ ಹೇಳಿಲ್ಲ.

2/3
ಈಗ ಹಿಂದಕ್ಕೆ ಹೋಗೋಣ. ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿ 29ರಂದು. ಅದರಲ್ಲಿ ಪಂಪೂ ಇರಲಿಲ್ಲ, ಈಗಿನಂಥ ರೇಡಿಯೇಟರೂ ಇರಲಿಲ್ಲ. ನೀರು ಕುದ್ದು ಆವಿಯಾಗಿ ಹೋಗೋದು, ಎಂಜಿನ್ ತಂಪಾಗೋದು. 1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬರ್ಥಾ ಬೆಂಜ್, ಗಂಡನಿಗೆ ಹೇಳದೆ, ಇಬ್ಬರು ಗಂಡು ಮಕ್ಕಳನ್ನು ಕರೆದುಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟಳು. ಸುಮಾರು 100 ಕಿಲೋಮೀಟರ್. ದಾರಿಯುದ್ದಕ್ಕೂ ಮತ್ತ ಮತ್ತ ನಿಂತು ನೀರು ತುಂಬಿಸಬೇಕಾಯಿತು. ಕೊಡ ಹಿಡಿದು ಓಡುವಾಗ ನನಗ ಆಕಿ ನೆನಪಾಗಿರಲಿಲ್ಲ ಬಿಡ್ರಿ, ಆಮೇಲೆ ಓದಿದ್ದು.

1900ರ ಕೊನೆಗೆ ವಿಲ್ಹೆಲ್ಮ್ ಮೈಬಾಖ್ ಮರ್ಸಿಡಿಸ್ 35 ಎಚ್‌ಪಿ ಕಾರಿಗೆ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. 8,070 ಸಣ್ಣ ಕೊಳವಿ! ಗಾಳಿ ಅವುಗಳಲ್ಲಿ ಹಾಯ್ದು ಹೋಗುತ್ತಿತ್ತು, ಪಂಪು ನೀರನ್ನು ಸುತ್ತಿಸುತ್ತಿತ್ತು, ಅದೇ ನೀರು ಮತ್ತ ಮತ್ತ ಬಳಕೆಗೆ ಬರುತ್ತಿತ್ತು. ತಮಾಷೆ ಏನಂದ್ರ, 1908ರ ಫೋರ್ಡ್ ಮಾಡೆಲ್ ಟಿಗೆ ಮೊದಲು ಪಂಪ್ ಇತ್ತು. ಸುಮಾರು 2,500 ಕಾರುಗಳ ನಂತರ ತೆಗೆದುಬಿಟ್ಟರು. ಬಿಸಿ ನೀರು ಹಗುರ, ತಾನೇ ಮೇಲೇರುತ್ತದೆ, ತಣ್ಣಗಾದದ್ದು ಕೆಳಗಿಳಿಯುತ್ತದೆ. ಅಷ್ಟರ ಮೇಲೆಯೇ ಆ ಗಾಡಿಗಳು ಓಡಿದವು.

ನಮ್ಮ ಕಡೆ ಆಗ ಹೈದರಾಬಾದ್ ಸಂಸ್ಥಾನ. 1932ರಲ್ಲಿ ನಿಜಾಮರ ರೈಲ್ವೆ 27 ಬಸ್ಸುಗಳಿಂದ ರಸ್ತೆ ಸಾರಿಗೆ ಶುರು ಮಾಡಿತು. ಕೂಲಂಟಿನ ಜೀವ ಎಥಿಲೀನ್ ಗ್ಲೈಕಾಲ್. ಅದನ್ನು ಫ್ರಾನ್ಸಿನ ವುರ್ಟ್ಸ್ 1850ರ ದಶಕದಲ್ಲೇ ತಯಾರಿಸಿದ್ದ. 1920ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಬಂತು, ಚಳಿಗೆ ನೀರು ಹೆಪ್ಪುಗಟ್ಟಬಾರದು ಅಂತ. ಕೊಪ್ಪಳದಾಗ ಎಲ್ಲಿಯ ಹೆಪ್ಪು? ನಮಗ ಬೇಕಾಗಿದ್ದು ಅದರ ಉಳಿದ ಎರಡು ಗುಣ: ನೀರಿಗಿಂತ ತಡವಾಗಿ ಕುದೀತೈತಿ, ಅದರಾಗ ಸೇರಿಸಿದ ಔಷಧಿ ತುಕ್ಕು ತಡೀತೈತಿ.

3/3
ಗಂಗಾವತಿ ಗ್ಯಾರೇಜಿನ ಚಾಚಾ ಪಂಪ್ ಬಿಚ್ಚಿ ಒಂದು ಸಣ್ಣ ತೂತು ತೋರಿಸಿದ್ರು. "ತಮ್ಮಾ, ಇಲ್ಲಿಂದ ನೀರು ಬಂತಂದ್ರ ಒಳಗಿನ ಸೀಲ್ ಹೋತು. ತೂತು ಮುಚ್ಚಿದ್ರ ಬೇರಿಂಗೂ ಹೋಗ್ತದ." ಆ ತೂತನ್ನ ಕಂಪನಿಯವರೇ ಬಿಟ್ಟಿರ್ತಾರಂತ, ಗೊತ್ತಾಗಲಿ ಅಂತ. ಒಳಗ ನೋಡಿದ್ರ ಬೆಳ್ಳನ್ನ ಸುಣ್ಣದ ಪದರು. ಎರಡು ವರ್ಷ ಅಪ್ಪ ಕೂಲಂಟಿನ ರೊಕ್ಕ ಉಳಿಸಿ ಬೋರಿನ ನೀರೇ ಹಾಕಿದ್ರು. ನಮ್ಮ ಗಡಸು ನೀರು ಮನಿ ಪಾತ್ರಿ ತಳಕ್ಕ ಏನು ಮಾಡತೈತಿ ಅಂತ ಅವ್ವನ್ನ ಕೇಳ್ರಿ.

ಹಳೇ ಗ್ಯಾಸ್ಕೆಟ್ ಕೆರೆದು, ಒಳಗ ನೀರು ಹಾಯಿಸಿ ತೊಳೆದು, ಹೊಸ ಪಂಪ್ ಕೂರಿಸಿ, ಬೆಲ್ಟ್ ಬಿಗಿ ಮಾಡಿದ್ರು. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಎಂಜಿನ್ ತಣ್ಣಗಿದ್ದಾಗಲೇ ಕ್ಯಾಪ್ ತೆಗೆದು, ನಿಧಾನ ತುಂಬಿ, ಆಮೇಲೆ ಸ್ಟಾರ್ಟ್ ಮಾಡಿ ಬಿಟ್ರು. ಗುಳ್ಳಿ ಮ್ಯಾಲೆ ಬಂದಂಗ ಮಟ್ಟ ಇಳೀತು, ಮತ್ತ ಹಾಕಿದ್ರು. ಥರ್ಮೋಸ್ಟಾಟ್ ತೆರೆದಾಗ ಮ್ಯಾಲಿನ ಪೈಪು ಬಿಸಿ ಆತು, ಗುಳ್ಳಿ ನಿಂತ್ವು, ಕ್ಯಾಪ್ ಹಾಕಿದ್ರು. (ಬಿಸಿ ಎಂಜಿನ್ನಿನ ಕ್ಯಾಪ್ ಮಾತ್ರ ಮುಟ್ಟಬ್ಯಾಡ್ರಿ, ಮುಖ ಸುಡತೈತಿ. ಹಳೇ ಕೂಲಂಟ್ ಸಿಹಿ ಇರ್ತದ, ಆದ್ರ ವಿಷ. ನಾಯಿ ನೆಕ್ಕೋ ಹಂಗ ಚೆಲ್ಲಬ್ಯಾಡ್ರಿ.)

ಮರುದಿನ ಮುಂಜಾನೆ ಎರಡು ಬೆರಳು ಕಡಿಮಿ ಇತ್ತು, ಹಾಕಿದೆ. ಆಮೇಲೆ ಇಳಿದಿಲ್ಲ. ಡಿಕ್ಕಿಯೊಳಗಿನ ನೀರಿನ ಕ್ಯಾನ್ ಮಾತ್ರ ಅಪ್ಪ ಇನ್ನೂ ತೆಗೆದಿಲ್ಲ.

#ಕೊಪ್ಪಳ #ಗಂಗಾವತಿ #ಕುಷ್ಟಗಿ #ಯಲಬುರ್ಗಾ #ವಸ್ತುವಿನ_ಹಿಂದಿನ_ಕತಿ